ಟೊಮೇಟೊ ಅವರು ತೀರಿಕೊಂಡ ಬಗೆ

ನನ್ನ ತಮ್ಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಬೆಳಗಿನ ಪ್ರಾರ್ಥನೆ ಮುಗಿಸಿ ಕಣ್ಣು ತೆರೆದಾಗ. ಮೇಜಿನ ಮೇಲಿದ್ದ ಮೊಬೈಲು ನಡುಗಿ, ಮುಂದಕ್ಕೆ ತೆವಳಿ, ಕನ್ನಡಕದ ಪಕ್ಕದಲ್ಲಿ ಬಂದು ನಿಂತಿತು. ಅದರಲ್ಲಿ ಹೀಗೆ ಬರೆದಿತ್ತು: "ಮಾನ್ಯರೇ, ಒಂದನೆಯ ಕೊಠಡಿಯಲ್ಲಿದ್ದ ಸಾಹುಕಾರರು ಇಂದು ಮುಂಜಾನೆ ತೀರಿಕೊಂಡಿದ್ದಾರೆ." ಕಳುಹಿಸಿದವರು ಯಾರೆಂದು ನೋಡಿದೆ. ತಮ್ಮನದೇ ಗೋಡೌನಿನ ಕಂಪ್ಯೂಟರು.

ನನಗೆ ಅಳು ತಡೆಯಲಾಗಲಿಲ್ಲ. ನನ್ನಾಕೆ ಹೋದ ಮೇಲೆ ನನ್ನನ್ನು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಾ ಎಂದು ಗದರಿಸುತ್ತಿದ್ದವನು ಅವನೊಬ್ಬನೇ. ಓಟದಲ್ಲಿ, ವ್ಯಾಪಾರದಲ್ಲಿ, ತಟ್ಟೆಯ ಮುಂದೆ ಕೂರುವುದರಲ್ಲಿ, ಎಲ್ಲದರಲ್ಲೂ ನನ್ನನ್ನು ಹಿಂದೆ ಹಾಕಿದವನು ಇದರಲ್ಲೂ ಮುಂದೆ ನುಗ್ಗಿಬಿಟ್ಟನಲ್ಲ ಎಂದು ಸಂಕಟವಾಯಿತು. ದೇವರೇ, ದೊಡ್ಡವನು ನಾನಿಲ್ಲಿ ಕಾಯುತ್ತಿದ್ದೇನೆ, ನಿನಗೆ ಸರದಿ ಗೊತ್ತಾಗುವುದಿಲ್ಲವೇ ಎಂದು ಕೇಳಿದೆ. ದೇವರು ಏನೂ ಹೇಳಲಿಲ್ಲ. ಅವನಿಗೆ ವಿಷಯವೇ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ಈ ಸಾವಿಗೆ ಕಾರಣ ಕನ್ನಡದ ಬಹುವಚನ. ಅದನ್ನು ಮೊದಲಿನಿಂದ ಹೇಳಬೇಕು.

ನನ್ನ ತಮ್ಮನದು ತರಕಾರಿ ಇಡುವ ತಣ್ಣನೆ ಗೋಡೌನು. ಬೋರ್ಡಿನಲ್ಲಿ ಶೈತ್ಯಾಗಾರ ಎಂದಿದೆ, ಆದರೆ ಹಾಗೆ ಕರೆದವರನ್ನು ನಾನು ನೋಡಿಲ್ಲ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅದು, ಗೋಡೆಗೆ ಗೋಡೆ ಅಂಟಿಕೊಂಡಂತೆ ನಮ್ಮ ಮನೆ. ಒಂದನೆಯ ಕೊಠಡಿಯಲ್ಲಿ ಅವನ ಸ್ವಂತ ವ್ಯಾಪಾರದ ಆಲೂಗಡ್ಡೆ. ಆ ಮೂಟೆಗಳ ಮೇಲೆ ಅವನ ಮೀಸೆಯ ಮುಖ ಅಚ್ಚು ಹಾಕಿ, ಕೆಳಗೆ ಊರವರು ಅವನನ್ನು ಕರೆಯುವಂತೆ 'ಸಾಹುಕಾರ್' ಎಂದು ಬರೆದಿರುತ್ತದೆ. ಹೋಟೆಲಿನವರು ಆಲೂಗಡ್ಡೆ ಎಂದು ಕೇಳುವುದೇ ಇಲ್ಲ, "ಎರಡು ಸಾಹುಕಾರ್ ಕಳಿಸಿ" ಎನ್ನುತ್ತಾರೆ. ಉಳಿದ ಕೊಠಡಿಗಳಲ್ಲಿ ಊರವರ ಟೊಮೇಟೊ, ಎಲೆಕೋಸು, ಕ್ಯಾರೆಟ್.

ಗೋಡೌನು ನೋಡಿಕೊಳ್ಳುತ್ತಿದ್ದವರು ತಮ್ಮನ ಅಳಿಯಂದಿರು. ಅವರೊಬ್ಬರೇ, ಆದರೂ ಎಲ್ಲರೂ ಅವರನ್ನು ಅಳಿಯಂದಿರು ಎಂದೇ ಕರೆಯಬೇಕಾಗಿತ್ತು. ಯಾರಾದರೂ ಬಾಯಿ ತಪ್ಪಿ ಅಳಿಯ ಎಂದರೆ ಆ ದಿನ ಊಟ ಬಿಡುತ್ತಿದ್ದರು. ನಾನೂ ಇಲ್ಲಿ ಅವರನ್ನು ಬಹುವಚನದಲ್ಲೇ ಬರೆಯುತ್ತೇನೆ, ಈ ವಯಸ್ಸಿನಲ್ಲಿ ಜಗಳಕ್ಕೆ ಶಕ್ತಿಯಿಲ್ಲ. ಒಳ್ಳೆಯವರು. ಕೆಲಸವೊಂದನ್ನು ಬಿಟ್ಟರೆ ಎಲ್ಲದರಲ್ಲೂ ಶ್ರದ್ಧೆಯುಳ್ಳವರು.

ಹೋದ ವರ್ಷ ಅವರ ಆಡಳಿತದಲ್ಲಿ ನಾಲ್ಕು ಲಾರಿ ಬಂದರೆ ಒಂದು ಲಾರಿ ಕೊಳೆತು ಹಿಂದಿನ ಗುಂಡಿಗೆ ಹೋಯಿತು. ಯಾವ ಕ್ರೇಟು ಮೊದಲು ಬಂತು, ಯಾವುದು ಆಮೇಲೆ ಬಂತು ಎಂದು ಅವರಿಗೆ ನೆನಪಿರುತ್ತಿರಲಿಲ್ಲ. ತಾಜಾ ಇದ್ದದ್ದು ಮೊದಲು ಮಾರಾಟವಾಗುತ್ತಿತ್ತು, ಹಣ್ಣಾದದ್ದು ಮೂಲೆಯಲ್ಲಿ ಕೂತು ನೀರಾಗುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ತಮ್ಮ ಹೇಳಿಯೇಬಿಟ್ಟ.

"ಅಳಿಯಂದ್ರೆ, ಈ ವರ್ಷವೂ ಮಾಲು ಗುಂಡಿಗೆ ಹೋದ್ರೆ ಬೀಗದ ಕೈ ನನ್ನ ಮಗಳ ಕೈಗೆ ಹೋಗುತ್ತೆ. ನೀವು ಮನೇಲಿರಿ. ಬಹಳ ಗೌರವದಿಂದ ನೋಡ್ಕೋತೀವಿ."

ಮಗಳು, ಅಂದರೆ ಅಳಿಯಂದಿರ ಹೆಂಡತಿ, ತಲೆಯೆತ್ತದೆ ಬಡಿಸಿದಳು. ಅವಳು ಬಡಿಸುತ್ತಿದ್ದ ರೀತಿಯಲ್ಲೇ ಅವಳಿಗೆ ಬೀಗದ ಕೈ ಬೇಕೆಂದು ನನಗೆ ಗೊತ್ತಾಯಿತು. ಅಳಿಯಂದಿರು ಎಡಗೈಯಿಂದ ಬೀಗದ ಕೈ ಮುಟ್ಟಿ ನೋಡಿಕೊಂಡರು. ಆ ಬೀಗದ ಕೈಯನ್ನು ಅವರು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಯಲ್ಲಿ ನಡೆದರೆ ಆಚೀಚೆ ಅಂಗಡಿಯವರು ನಮಸ್ಕಾರ ಹೇಳುತ್ತಿದ್ದರು. ಅದು ಹೋದರೆ ನಮಸ್ಕಾರವೂ ಹೋಗುತ್ತದೆ.

ಅಷ್ಟರಲ್ಲಿ ಆಹಾರ ಉಳಿತಾಯ ಇಲಾಖೆಯವರು ಒಂದು ಯೋಜನೆ ತಂದರು. ಪ್ರತಿ ಕ್ರೇಟಿಗೆ ಒಂದು ಚೀಟಿ ಅಂಟಿಸಬೇಕು. ಮೊಬೈಲು ತೋರಿಸಿದರೆ ಆ ಚೀಟಿ ತನ್ನ ಹುಟ್ಟು, ಊರು, ವಯಸ್ಸು ಎಲ್ಲ ಹೇಳುತ್ತದೆ. ಪ್ರತಿ ಕೊಠಡಿಗೂ ಒಂದು ಬಿಳಿ ಡಬ್ಬಿ. ಅದು ಒಳಗಿನ ಶೆಕೆ, ತೇವ, ವಾಸನೆ ಹಿಡಿದು, ಯಾವ ತರಕಾರಿ ಹಣ್ಣಾಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರು ಹೋಟೆಲಿಗೆ, ಅಂಗಡಿಗೆ, ಆಸ್ಪತ್ರೆಯ ಅಡುಗೆಮನೆಗೆ, ನಮ್ಮ ಮನೆಯವರಿಗೂ ಮೊಬೈಲಿನಲ್ಲಿ ಸುದ್ದಿ ಕಳಿಸುತ್ತದೆ, ಬೇಕಾದವರು ಬೇಗ ಬಂದು ಒಯ್ಯುತ್ತಾರೆ. ಕೊಳೆಯುವ ಮೊದಲೇ ಒಂದು ಬಾಯಿ ಹುಡುಕಿಕೊಡುವ ಯಂತ್ರ. ಇದು ದೇವರು ಮೆಚ್ಚುವ ಕೆಲಸ ಎಂದು ನಾನು ಹೇಳಿದೆ, ಈಗಲೂ ಹೇಳುತ್ತೇನೆ. ವರ್ಷದ ಕೊನೆಗೆ ಪೋಲು ಕಡಿಮೆ ಮಾಡಿದ ಗೋಡೌನಿಗೆ ಇಲಾಖೆಯ ಪ್ರಶಸ್ತಿಪತ್ರ. ಅದೊಂದು ಬಂದರೆ ಬೀಗದ ಕೈ ಉಳಿಯಿತು ಎಂದು ಅಳಿಯಂದಿರು ನಿರ್ಧರಿಸಿದರು.

ಕಂಪ್ಯೂಟರು ಕೂರಿಸಲು ಕನ್ನಡಕ ಹಾಕಿಕೊಂಡ ಒಬ್ಬ ಇಂಜಿನಿಯರಮ್ಮ ಬಂದಳು. ಚುರುಕು ಹೆಣ್ಣು. ಒಂದೇ ದಿನದಲ್ಲಿ ಎಲ್ಲ ಜೋಡಿಸಿ, ದನಿಪೆಟ್ಟಿಗೆಯನ್ನೂ ಗೋಡೆಗೆ ಬಿಗಿದು ಹೋದಳು. ಮರುದಿನ ಅಳಿಯಂದಿರು ಟೊಮೇಟೊ ಕೊಠಡಿಯ ಬಾಗಿಲು ತೆರೆದಿಟ್ಟುಕೊಂಡು, ಹಮಾಲಿಗಳಿಗೆ ಶಿಸ್ತಿನ ಬಗ್ಗೆ ಭಾಷಣ ಮಾಡುತ್ತಿದ್ದರು. ಮೇಲಿಂದ ದನಿ ಬಂತು.

"ಬಾಗಿಲು ಮುಚ್ಚು."

ಅಳಿಯಂದಿರು ಭಾಷಣ ನಿಲ್ಲಿಸಿ ಸುತ್ತ ನೋಡಿದರು. "ಯಾರೋ ಅದು?"

"ಬಾಗಿಲು ಮುಚ್ಚು. ಎಷ್ಟು ಸಲ ಹೇಳಬೇಕು?"

ಹಮಾಲಿಗಳು ಮುಖ ಗೋಡೆಗೆ ತಿರುಗಿಸಿಕೊಂಡರು. ಅವರ ಹೆಗಲು ಕುಣಿಯುತ್ತಿದ್ದವು. ಅವರ ಮೇಸ್ತ್ರಿ ಮಾತ್ರ ಬಹಳ ಗಂಭೀರವಾಗಿ, "ನಿಮಗೇ ಇರಬೇಕು ಅಳಿಯಂದ್ರೆ. ಬಾಗಿಲ ಹತ್ರ ನೀವೇ ಇದೀರಿ" ಎಂದ.

ಆ ದಿನ ಅಳಿಯಂದಿರು ಊಟ ಬಿಟ್ಟರು. ಇಂಜಿನಿಯರಮ್ಮನನ್ನು ಮತ್ತೆ ಕರೆಸಿದರು.

"ಏನಮ್ಮ, ನಿಮ್ಮ ಯಂತ್ರಕ್ಕೆ ಮನೇಲಿ ಹಿರಿಯರು ಇಲ್ಲವಾ? ನನ್ನನ್ನ ನೀನು ಅನ್ನುತ್ತೆ."

"ಅದಕ್ಕೆ ಯಾರು ಅಂತ ಗೊತ್ತಾಗಲ್ಲ ಸಾರ್. ಎಲ್ಲರಿಗೂ ಒಂದೇ."

"ಗೊತ್ತಾಗುವ ಹಾಗೆ ಮಾಡಿ."

"ಒಂದೊಂದು ಮಾತನ್ನೂ ತಿದ್ದಬೇಕು. ತಿಂಗಳಾಗುತ್ತೆ. ಇಲ್ಲಾಂದ್ರೆ ಒಂದು ಗುಂಡಿ ಇದೆ, ಗೌರವ ಅಂತ. ಒತ್ತಿದ್ರೆ ಎಲ್ಲದಕ್ಕೂ ಬಹುವಚನ ಬರುತ್ತೆ. ಆದರೆ ಎಲ್ಲದಕ್ಕೂ ಸಾರ್. ತರಕಾರಿಗೂ."

"ಬರಲಿ ಬಿಡಿ. ಗೌರವ ಕೊಟ್ಟರೆ ನಷ್ಟ ಏನು?"

ಗುಂಡಿ ಒತ್ತಿದ್ದಾಯಿತು. ಅಂದು ಮಧ್ಯಾಹ್ನವೇ ದನಿಪೆಟ್ಟಿಗೆ ಮೃದುವಾಗಿ ಹೇಳಿತು: "ಎಲೆಕೋಸು ಅವರು ಆಗಮಿಸಿದ್ದಾರೆ. ದಯವಿಟ್ಟು ಅವರನ್ನು ಒಳಗೆ ಬರಮಾಡಿಕೊಳ್ಳಿ." ಮೇಸ್ತ್ರಿ ಎದ್ದುನಿಂತು ಲಾರಿಗೆ ಕೈಮುಗಿದ. ಸಂಜೆಗೆ, "ಕ್ಯಾರೆಟ್ ಅವರು ಬಾಗಿಲಲ್ಲೇ ನಿಂತಿದ್ದಾರೆ." ಮಾರನೆಯ ದಿನ, "ಟೊಮೇಟೊ ಅವರಿಗೆ ಶೆಕೆಯಾಗುತ್ತಿದೆ." ಅಳಿಯಂದಿರಿಗೆ ಮಾತ್ರ ಪರಮಾನಂದ. ಯಾಕೆಂದರೆ ಈಗ ಯಂತ್ರ, "ದಯಮಾಡಿ ಬಾಗಿಲು ಮುಚ್ಚುವಂಥವರಾಗಿ" ಎನ್ನುತ್ತಿತ್ತು. ಅದನ್ನು ಇನ್ನೊಮ್ಮೆ ಕೇಳುವುದಕ್ಕಾಗಿ ಅವರು ಬಾಗಿಲು ತೆರೆದೇ ಇಡತೊಡಗಿದರು.

ಇಡೀ ಮಾರುಕಟ್ಟೆಗೆ ಈ ರೋಗ ಹತ್ತಿತು. "ಎರಡು ಜನ ಎಲೆಕೋಸು ಕೊಡಿ" ಎಂದು ಕೇಳುವವರು, "ಕ್ಯಾರೆಟ್ ಅವರು ಆರೋಗ್ಯವಾಗಿದ್ದಾರಾ?" ಎಂದು ವಿಚಾರಿಸುವವರು. ಆದರೂ ಕೆಲಸ ನಡೆಯುತ್ತಿತ್ತು ಎಂಬುದನ್ನು ಒಪ್ಪಬೇಕು. ಹಣ್ಣಾಗುತ್ತಿದ್ದವರ ಸುದ್ದಿ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಆಸ್ಪತ್ರೆಯ ಅಡುಗೆಯಾಕೆ ದಿನಾ ಬಂದು ಟೊಮೇಟೊ ಒಯ್ಯುತ್ತಿದ್ದಳು. ಕೊಳೆತದ್ದು ಸುರಿಯುತ್ತಿದ್ದ ಹಿಂದಿನ ಗುಂಡಿಯಲ್ಲಿ ಹುಲ್ಲು ಚಿಗುರಿತ್ತು.

ಅಲ್ಲಿಯವರೆಗೆ ಗೋಡೌನಿನಲ್ಲಿ ಯಾವುದೂ ಪೂರ್ತಿ ತೀರಿರಲಿಲ್ಲ. ಮೊದಲು ತೀರಿದ್ದು ಸಾಹುಕಾರ್ ಆಲೂಗಡ್ಡೆ. ತೀರಿದೆ ಎಂಬುದಕ್ಕೆ ಗೌರವ ಸೇರಿಸಿದರೆ ಏನಾಗುತ್ತದೆಂದು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಕನ್ನಡ ಕಲಿತದ್ದು ಪತ್ರಿಕೆಗಳನ್ನು ಓದಿಯಂತೆ. ಪತ್ರಿಕೆಯಲ್ಲಿ ಆ ಶಬ್ದಕ್ಕೆ ಬಹುವಚನ ಬಂದಾಗಲೆಲ್ಲ ಪಕ್ಕದಲ್ಲಿ ಒಂದು ಫೋಟೋ ಇರುತ್ತದೆ. ಹೀಗೆ ಒಂದು ಮುಂಜಾನೆ ನನ್ನ ತಮ್ಮ ತೀರಿಕೊಂಡ.

ನಾನು ಕಣ್ಣೊರೆಸಿಕೊಂಡು ಗೋಡೌನಿಗೆ ಹೋಗುವಷ್ಟರಲ್ಲಿ ಬೀದಿಯೇ ಅಲ್ಲಿತ್ತು. ತಮ್ಮ ಮನೆಯಲ್ಲಿರಲಿಲ್ಲ, ಮಗಳೂ ಇರಲಿಲ್ಲ, ಇಬ್ಬರ ಮೊಬೈಲೂ ಬಂದ್. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಅಳಿಯಂದಿರು ಒಂದನೆಯ ಕೊಠಡಿಯ ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಲ್ಲಿ ದುಃಖವೂ ನೆಮ್ಮದಿಯೂ ಒಂದೇ ಬಾಗಿಲಲ್ಲಿ ಎದುರಾದ ಇಬ್ಬರು ಸಭ್ಯರ ಹಾಗೆ, ನೀವು ಮೊದಲು, ಇಲ್ಲ ನೀವು ಮೊದಲು ಎನ್ನುತ್ತಿದ್ದವು. ಬೀಗದ ಕೈ ಕೇಳುವವರು ಇನ್ನು ಯಾರೂ ಇರಲಿಲ್ಲವಷ್ಟೆ.

"ದೊಡ್ಡಮಾವ," ಎಂದು ನನ್ನನ್ನು ತಬ್ಬಿಕೊಂಡರು. "ಮಾವನವರು ಈ ಕೊಠಡೀಲೇ ಹೋಗಿದ್ದಾರೆ. ಮೆಸೇಜ್ ಬಂದಿದೆ."

"ಎಲ್ಲಿದ್ದಾನೆ? ಮುಖ ತೋರಿಸಿ" ಎಂದೆ.

ಕೊಠಡಿ ಖಾಲಿ. ಗುಡಿಸಿದಂತಿತ್ತು. ಮೇಸ್ತ್ರಿ ಮೂಲೆ ಮೂಲೆ ತಡಕಿ, ನೆಲದ ಮೇಲಿದ್ದ ಒಂದು ಪುಟ್ಟ ಆಲೂಗಡ್ಡೆ ಎತ್ತಿ ತೋರಿಸಿ, ಮತ್ತೆ ಮೆಲ್ಲಗೆ ಅಲ್ಲೇ ಇಟ್ಟ.

ಬಂದವರು ಬಂದಾಗಿತ್ತು, ಹೂವಿನ ಹಾರವೂ ಬಂದಿತ್ತು. ಅಳಿಯಂದಿರು ಹೊರಗೆ ಬಿದ್ದಿದ್ದ ಒಂದು ಖಾಲಿ ಚೀಲದ ಮೇಲಿದ್ದ ಮೀಸೆಯ ಚಿತ್ರ ಕತ್ತರಿಸಿ ಕುರ್ಚಿಗೆ ಒರಗಿಸಿ ಹಾರ ಹಾಕಿದರು. ಕೆಲಸದವರಿಗೆಲ್ಲ ಮೂರು ದಿನ ರಜೆ ಸಾರಿದರು. ಆಮೇಲೆ ಒಂದು ನಿಮಿಷ ಮೌನವೆಂದರು. ತಲೆ ತಗ್ಗಿಸಿದೆವು. ಕಂಪ್ರೆಸರು ಮಾತ್ರ ಗೋಡೆಯ ಆಚೆಯಿಂದ ಗುರುಗುಟ್ಟುತ್ತಲೇ ಇತ್ತು.

"ಯಾರದು ಸದ್ದು?" ಎಂದರು ಅಳಿಯಂದಿರು ಕಣ್ಣು ಮುಚ್ಚಿಕೊಂಡೇ.

"ಕಂಪ್ರೆಸರ್‌ದು" ಎಂದ ಮೇಸ್ತ್ರಿ.

"ಸಾವಾಗಿರೋ ಜಾಗದಲ್ಲಿ ಇದೇನು ಅವಮರ್ಯಾದೆ? ಮೇನ್ ಸ್ವಿಚ್ ಆಫ್ ಮಾಡಿ."

ಆಫ್ ಆಯಿತು. ನಿಜವಾದ ಮೌನ ಬಂತು. ಆ ಮೌನದಲ್ಲಿ ಅಳಿಯಂದಿರ ಕೈಯಲ್ಲಿದ್ದ ಮೊಬೈಲು ಮತ್ತೆ ನಡುಗಿತು. ಬೆಳಗಿನ ಸುದ್ದಿಗೆ ಬಾಲವಾಗಿ ಇನ್ನೊಂದು ಸಾಲು ಬಂದಿತ್ತು. ಅವರು ಗಟ್ಟಿಯಾಗಿ ಓದಿದರು: "ಸಾಹುಕಾರರನ್ನು ಹೊರಗೆ ಕಳುಹಿಸಿಕೊಡಲಾಗಿದೆ. ಬರಮಾಡಿಕೊಂಡವರು: ಮೂಲೆಯ ಹೋಟೆಲಿನ ಅಡುಗೆಮನೆ."

ಹೋಟೆಲಿಗೆ ಯಾಕೆ ಒಯ್ದರು ಎಂದು ಯಾರಿಗೂ ಹೊಳೆಯಲಿಲ್ಲ. ಹೋದವರ ವಿಷಯದಲ್ಲಿ ಪ್ರಶ್ನೆ ಕೇಳಬಾರದು ಎಂದುಕೊಂಡು ಎಲ್ಲರೂ ಗೋಡೌನಿಗೆ ಬೀಗ ಹಾಕಿ, ಹಾರ ಹಾಕಿದ ಚಿತ್ರ ಹಿಡಿದುಕೊಂಡು ಮೂಲೆಯ ಹೋಟೆಲಿಗೆ ಹೊರಟೆವು. ಹಿಂಬಾಗಿಲಲ್ಲಿ ಅಡುಗೆಯವನು ಕತ್ತಿ ಮಸೆಯುತ್ತಾ ಕೂತಿದ್ದ. ಅವನಿಗೆ ಯಾವ ಸುದ್ದಿಯೂ ತಲುಪಿರಲಿಲ್ಲ.

ಅಳಿಯಂದಿರು ಗಂಟಲು ಸರಿಮಾಡಿಕೊಂಡು ಕೇಳಿದರು. "ಸಾಹುಕಾರರು ಇಲ್ಲಿಗೆ ಬಂದರೇನಪ್ಪ?"

"ಬಂದ್ರಲ್ಲ, ಬೆಳಕು ಹರಿಯೋ ಮುಂಚೆ. ಇಬ್ಬರು ಬಂದ್ರು."

"ಇಬ್ಬರಾ?"

"ಒಬ್ಬರನ್ನ ಸಿಪ್ಪೆ ತೆಗೆದು ಬೇಯೋಕೆ ಹಾಕಿದೀನಿ. ಇನ್ನೊಬ್ಬರು ಅಗೋ, ಆ ಮೂಲೇಲಿ ಒರಗಿದಾರೆ. ಈ ಸಲ ಬಹಳ ಗಟ್ಟಿ. ಒಳಗೆ ಒಂಚೂರೂ ಕಪ್ಪಾಗಿಲ್ಲ."

ಅಳಿಯಂದಿರು ನೆಲಕ್ಕೆ ಉರುಳಿದರು. ಅವರನ್ನು ಹಿಡಿಯಲು ಹೋದ ಪಕ್ಕದ ಅಂಗಡಿಯ ದರ್ಜಿಯೂ ಅವರ ಜೊತೆಗೇ ಕುಸಿದ. ಯಾರೋ ಪೊಲೀಸಿಗೆ ಹೇಳಿ ಎಂದರು. ಅಡುಗೆಯವನು ಏನೂ ತಿಳಿಯದೆ, "ಯಾಕೆ, ನಿಮಗೂ ಬೇಕಿತ್ತಾ? ಅರ್ಧ ಜನ ಕೊಡ್ತೀನಿ ಬೇಕಾದ್ರೆ" ಎಂದು ಪಾತ್ರೆಯ ಮುಚ್ಚಳಕ್ಕೆ ಕೈ ಹಾಕಿದ.

ಆ ಹೊತ್ತಿಗೆ ಸರಿಯಾಗಿ ಜನರನ್ನು ಸೀಳಿಕೊಂಡು ನನ್ನ ತಮ್ಮ ಒಳಗೆ ಬಂದ. ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಕಟ್ಟಿತ್ತು. ಬಾಯಿ ತುಂಬ ಹತ್ತಿ. ಮುಖ ಸುಣ್ಣದಂತೆ ಬಿಳಿಚಿತ್ತು. ಸತ್ತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಆದರೆ ಅಷ್ಟು ಪೂರ್ತಿಯಾಗಿ ಸತ್ತಂತೆ ಕಾಣುವವರನ್ನು ನೋಡಿರಲಿಲ್ಲ. ಅವನು ತನ್ನ ಹಾರದ ಚಿತ್ರವನ್ನು ನೋಡಿದ, ನೆಲದ ಮೇಲಿದ್ದ ಅಳಿಯಂದಿರನ್ನು ನೋಡಿದ, "ಊಂ?" ಎಂದ.

ದರ್ಜಿ ಎರಡನೆಯ ಸಲ ಕುಸಿದ.

ಹಿಂದೆಯೇ ಮಗಳು ಬಂದಳು. "ಏನಿದು ಜಾತ್ರೆ? ದಾರಿ ಬಿಡಿ. ಅಪ್ಪಂಗೆ ದವಡೆ ಹಲ್ಲು ಕೀಳಿಸ್ಕೊಂಡು ಬರ್ತಿದೀವಿ. ಮೂರು ದಿನ ಮಾತಾಡಬಾರದು ಅಂದಿದಾರೆ ಡಾಕ್ಟ್ರು." ಅಳಿಯಂದಿರು ಕೂತಲ್ಲಿಂದಲೇ ಮೊಬೈಲು ಚಾಚಿದರು. ಅವಳು ಓದಿದಳು. ಎರಡು ಸಲ ಓದಿದಳು. ಪಾತ್ರೆಯ ಮುಚ್ಚಳ ತೆಗೆದು ಆಲೂಗಡ್ಡೆ ನೋಡಿದಳು.

"ರೀ," ಎಂದಳು ಗಂಡನಿಗೆ, "ಇದು ನಿಮ್ಮ ಬಹುವಚನ."

ನಾನು ತಮ್ಮನ ಕೈ ಹಿಡಿದುಕೊಂಡೆ. ಬೆಚ್ಚಗಿತ್ತು. ದೇವರಿಗೆ ಬೆಳಿಗ್ಗೆ ಆಡಿದ ಮಾತನ್ನೆಲ್ಲ ಅಲ್ಲೇ ಹಿಂದಕ್ಕೆ ತೆಗೆದುಕೊಂಡೆ. ಬೀದಿಯ ಜನ ನಗುತ್ತಾ ನಗುತ್ತಾ ಗೋಡೆಗೆ ಒರಗಿದರು. ಯಾವಾಗ ಹೋದರೆಂದು ತಿಳಿಯದ ಹಾಗೆ ಅಳಿಯಂದಿರು ಹಿಂಬಾಗಿಲಿನಿಂದ ಮಾಯವಾದರು. ಅವರು ಸೋದರತ್ತೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದಾರೆಂದು ಸಂಜೆಗೆ ತಿಳಿಯಿತು. ಗೋಡೌನಿನ ಬೀಗದ ಕೈ ಅವರ ಸೊಂಟದಲ್ಲೇ ಇತ್ತು. ಮೇನ್ ಸ್ವಿಚ್ ಆಫ್ ಆಗಿಯೇ ಇತ್ತು. ಇದು ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಸತ್ತವರು ಎದ್ದುಬಂದರೂ ಕೊಟ್ಟ ರಜೆಯನ್ನು ಯಾವ ಹಮಾಲಿಯೂ ಹಿಂದಿರುಗಿಸಲಿಲ್ಲ.

ಯಂತ್ರಕ್ಕೆ ಮಾತ್ರ ನೆನಪಿತ್ತು. ಬಿಳಿ ಡಬ್ಬಿಗಳ ಹೊಟ್ಟೆಯಲ್ಲೂ ಕಂಪ್ಯೂಟರಿನ ಹೊಟ್ಟೆಯಲ್ಲೂ ಬ್ಯಾಟರಿ ಇದೆ. ಅದು ತನ್ನ ಕರ್ತವ್ಯವನ್ನು ಒಂದು ಕ್ಷಣವೂ ಬಿಡಲಿಲ್ಲ. "ಟೊಮೇಟೊ ಅವರಿಗೆ ಬಹಳ ಶೆಕೆಯಾಗುತ್ತಿದೆ" ಎಂದು ಊರಿಗೆಲ್ಲ ತಿಳಿಸಿತು. ಊರು ಬಿದ್ದು ಬಿದ್ದು ನಕ್ಕಿತು. "ಟೊಮೇಟೊ ಅವರು ಸಂಕಟದಲ್ಲಿದ್ದಾರೆ, ದಯಮಾಡಿ ಕರೆಂಟು ಕೊಡಿಸುವಂಥವರಾಗಿ." ಇದನ್ನು ದರ್ಜಿ ತನ್ನ ನೆಂಟರಿಗೆ ಕಳಿಸಿದ, ನೆಂಟರು ಅವರ ನೆಂಟರಿಗೆ ಕಳಿಸಿದರು. "ಎಲೆಕೋಸು ಅವರು ಮೆತ್ತಗಾಗಿದ್ದಾರೆ." ಒಬ್ಬರು ಕೈಮುಗಿದ ಚಿತ್ರ ಕಳಿಸಿದರು. "ಟೊಮೇಟೊ ಅವರ ಸ್ಥಿತಿ ಚಿಂತಾಜನಕ." ಹತ್ತಾರು ಜನ ಹೂವಿನ ಚಿತ್ರ ಹಾಕಿ, ಬೇಗ ಗುಣವಾಗಲಿ ಎಂದು ಹಾರೈಸಿದರು. ಯಾರು ಯಾರಿಗೆ ಕಳಿಸಿದ್ದು, ಯಾವುದು ಗೋಡೌನಿನಿಂದ ಬಂದದ್ದು, ಯಾವುದು ಯಾರೋ ತಮಾಷೆಗೆ ಬರೆದದ್ದು ಎಂದು ತಿಳಿಯದಷ್ಟು ಸುದ್ದಿಗಳು ಒಂದರ ಮೇಲೊಂದು ಬಿದ್ದವು. ಮಗಳು ಬೇಸತ್ತು ಮೊಬೈಲನ್ನು ದಿಂಬಿನ ಕೆಳಗೆ ತುರುಕಿದಳು. ಕೂಗಿ ಹೇಳುವ ಯಂತ್ರವನ್ನು ಮನುಷ್ಯ ಮಾಡಬಲ್ಲ. ಕೇಳಿಸಿಕೊಳ್ಳುವ ಊರನ್ನು ಯಾರು ಮಾಡಿಕೊಡುತ್ತಾರೆ?

ಇನ್ನೊಬ್ಬನಿಗೂ ಗೊತ್ತಾಗಿತ್ತು. ನನ್ನ ತಮ್ಮ ಹಾಸಿಗೆಯ ಮೇಲೆ ಮಲಗಿದವನು ಕಿವಿ ನಿಮಿರಿಸಿಕೊಂಡು ಗೋಡೆಯ ಕಡೆ ನೋಡುತ್ತಿದ್ದ. ಇಷ್ಟು ವರ್ಷ ಕಂಪ್ರೆಸರಿನ ಗುರುಗುಟ್ಟುವಿಕೆ ಕೇಳಿಕೊಂಡೇ ನಿದ್ದೆ ಮಾಡಿದವನು. ಕಿವಿಯನ್ನು ತೋರಿಸಿ ಕೈ ಆಡಿಸಿದ. ಅವನ ಕ್ಷೇಮ ವಿಚಾರಿಸಲು ಬಂದು ಊಟಕ್ಕೆ ಉಳಿದಿದ್ದ ನಮ್ಮ ಚಿಕ್ಕಮ್ಮ, "ಪಾಪ, ಹಲ್ಲಿನ ನೋವು ಕಿವಿಗೆ ಇಳಿದಿದೆ" ಎಂದು ಕಿವಿಗೆ ಔಷಧಿ ಬಿಟ್ಟಳು. ಅವನು ಅದನ್ನು ಒರೆಸಿಕೊಂಡು ಪೆನ್ನು ಕೇಳಿದ. ದೊಡ್ಡದಾಗಿ ಬರೆದ: "ಸದ್ದಿಲ್ಲ."

ಚಿಕ್ಕಮ್ಮ ಓದಿ ತುಟಿಯ ಮೇಲೆ ಬೆರಳಿಟ್ಟಳು. "ಕೇಳಿದಿರೇನ್ರೋ? ಸದ್ದು ಮಾಡಬೇಡಿ ಅಂತಿದಾನೆ. ಎಲ್ಲರೂ ಹೊರಗೆ ನಡೀರಿ."

ನಾವೆಲ್ಲ ತುದಿಗಾಲಲ್ಲಿ ಹೊರಗೆ ಬಂದು ಪಿಸುಪಿಸು ಮಾತಾಡಿಕೊಂಡು ಕೂತೆವು. ಒಳಗೆ ಅವನು ಮಂಚ ಬಡಿದ. "ಇನ್ನೂ ಮೆಲ್ಲಗೆ" ಎಂದಳು ಚಿಕ್ಕಮ್ಮ. ನಾವು ಮಾತೇ ನಿಲ್ಲಿಸಿದೆವು. ಆಮೇಲೆ ಡಾಕ್ಟರ ಮಾತ್ರೆ ಅವನನ್ನು ನಿದ್ದೆಗೆ ಎಳೆದುಕೊಂಡಿತು, ಎಚ್ಚರವಾದಾಗಲೆಲ್ಲ ಚಿಕ್ಕಮ್ಮ ಇನ್ನೊಂದು ಮಾತ್ರೆ ಕೊಟ್ಟಳು.

ರಜೆ ಮುಗಿದ ಬೆಳಿಗ್ಗೆ ಮೇಸ್ತ್ರಿ ಬಾಗಿಲಲ್ಲಿ ಬಂದು ನಿಂತ. ತಲೆಗೆ ಸುತ್ತಿದ್ದ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡಿದ್ದ.

"ದೊಡ್ಡ ಯಜಮಾನ್ರೆ, ಬೀಗ ಹಾಕಿದ ಹಾಗೇ ಇದೆ. ಆದರೆ ಟೊಮೇಟೊ ಅವರು ಬಾಗಿಲ ಕೆಳಗಿಂದ ತಾವಾಗೇ ಹೊರಗೆ ಬರ್ತಿದಾರೆ."

ನಕ್ಕವರು ಯಾರೂ ಇಲ್ಲ. ಅಳಿಯಂದಿರನ್ನು ಸೋದರತ್ತೆಯ ಮನೆಯಿಂದ ಎತ್ತಿಕೊಂಡು ಬಂದ ಹಾಗೆ ಕರೆತಂದು ಬೀಗ ತೆರೆಸಿದೆವು. ಅದನ್ನು ನಾನು ವಿವರಿಸಲಾರೆ. ಆಳೆತ್ತರ ಜೋಡಿಸಿದ್ದ ಕ್ರೇಟುಗಳು ಒಂದರೊಳಗೊಂದು ಕುಸಿದಿದ್ದವು. ಗೇಟಿನ ಹೊರಗೆ ಆಸ್ಪತ್ರೆಯ ಅಡುಗೆಯಾಕೆ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. "ಮೂರು ದಿನದಿಂದ ರೋಗಿಗಳಿಗೆ ಬರೀ ಗಂಜಿ" ಎಂದಳು. ಯಾರನ್ನೂ ಬೈಯಲಿಲ್ಲ. ಬುಟ್ಟಿ ತಲೆಕೆಳಗು ಮಾಡಿಕೊಂಡು ಹೊರಟುಹೋದಳು.

ಗುಂಡಿ ತೋಡಿದ ಹಾಗೇ ಇತ್ತು, ಸಾಲದೆಂದು ಇನ್ನಷ್ಟು ತೋಡಿದರು. ಕೊಂಡವರ ಹೆಸರಿಲ್ಲದೆ ಪ್ರತಿ ಕ್ರೇಟು ಹೊರಗೆ ಹೋಗುವಾಗಲೂ ಕಂಪ್ಯೂಟರು ಅಳಿಯಂದಿರನ್ನು ಕೇಳುತ್ತಿತ್ತು: "ಇವರು ಏನಾದರು? ತೀರಿಕೊಂಡರೇ? ಕೊಳೆತರೇ?" ಒಂದನ್ನು ಒತ್ತಬೇಕು. ಅಳಿಯಂದಿರ ಬೆರಳು ಕೊಳೆತರು ಎಂಬಲ್ಲಿಗೆ ಹೋಗಿ ನಿಂತಿತು. ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ.

"ಕೊಳೆತರು ಅನ್ನೋಕೆ ಮನಸ್ಸು ಬರಲ್ಲ ದೊಡ್ಡಮಾವ. ಇಷ್ಟು ದಿನ ಮರ್ಯಾದೆಯಿಂದ ಕರೆದವರನ್ನ ಹಾಗನ್ನೋದು ಸಂಸ್ಕಾರವಾ?"

ತೀರಿಕೊಂಡರು ಎಂದು ಒತ್ತಿದರು. ಪ್ರತಿಯೊಂದಕ್ಕೂ ಹಾಗೆಯೇ ಒತ್ತಿದರು. ಯಂತ್ರದ ಲೆಕ್ಕದಲ್ಲಿ ತೀರಿದ್ದೆಂದರೆ ಪೂರ್ತಿ ಮಾರಾಟವಾಗಿ ಜನರ ಹೊಟ್ಟೆ ಸೇರಿದ್ದು.

ಮಾರನೆಯ ದಿನ ಇಲಾಖೆಯ ಅಧಿಕಾರಿಗಳು ಜೀಪಿನಲ್ಲಿ ಬಂದರು. ತಮ್ಮನ ಬಾಯಿಯ ಕಟ್ಟು ಅಂದೇ ಬಿಚ್ಚಿದ್ದರು. ಅವನು ಕುರ್ಚಿಯಲ್ಲಿ ಕೂತು ಅಳಿಯಂದಿರನ್ನೇ ನೋಡುತ್ತಿದ್ದ, ಮಾತು ಕೂಡಿಟ್ಟುಕೊಳ್ಳುತ್ತಿದ್ದ. ಅಳಿಯಂದಿರು ಸೊಂಟದ ಬೀಗದ ಕೈಯನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತಿದ್ದರು. ಅಧಿಕಾರಿಗಳು ಮೂಗಿಗೆ ಕರವಸ್ತ್ರ ಹಿಡಿದು ಕಂಪ್ಯೂಟರಿನ ಪರದೆ ನೋಡಿದರು. ಕರವಸ್ತ್ರ ತೆಗೆದು ಮತ್ತೆ ನೋಡಿದರು, ವಾಸನೆ ಬಂದು ಮತ್ತೆ ಮುಚ್ಚಿಕೊಂಡರು.

"ಪೋಲು ಸೊನ್ನೆ," ಎಂದರು. "ಗೋಡೌನ್ ತುಂಬ ಮಾಲು ಮೂರೇ ದಿನದಲ್ಲಿ ಪೂರ್ತಿ ತೀರಿದೆ. ನನ್ನ ಸರ್ವೀಸಿನಲ್ಲೇ ಇಂಥದ್ದು ನೋಡಿಲ್ಲ."

ಮಗಳು ಮುಂದೆ ಬಂದಳು. "ಸಾರ್, ಹಿಂದುಗಡೆ ಗುಂಡಿ ಇದೆ. ಒಂದು ಸಲ ಬಂದು ನೋಡಿ."

"ನಾವು ನೋಡೋದು ಪರದೆ ಅಮ್ಮ. ಗುಂಡಿ ಬೇರೆ ಇಲಾಖೆ."

"ವಾಸನೆ ಬರ್ತಿಲ್ವಾ ಸಾರ್?"

"ಬರ್ತಿದೆ. ಆದರೆ ವಾಸನೆಗೆ ನಮ್ಮಲ್ಲಿ ಕಾಲಂ ಇಲ್ಲ."

ಪ್ರಶಸ್ತಿಪತ್ರದ ಮೇಲೆ ಅಲ್ಲೇ ಅಳಿಯಂದಿರ ಹೆಸರು ಬರೆದರು. ಬರೆಯುತ್ತಾ, "ಸಾಹುಕಾರರೇ, ಒಂದು ಉಪಕಾರ ಮಾಡಬೇಕು. ನಿಮ್ಮ ಅಳಿಯಂದಿರನ್ನ ಇಲಾಖೆಗೆ ಬಿಟ್ಟುಕೊಡಿ. ಊರೂರು ತಿರುಗಿ ಬೇರೆ ಗೋಡೌನಿನವರಿಗೆ ಇದನ್ನ ಕಲಿಸಬೇಕು" ಎಂದರು.

ಮೂರು ದಿನದಿಂದ ಕೂಡಿಟ್ಟ ಬೈಗುಳವೆಲ್ಲ ತಮ್ಮನ ಗಂಟಲಿಗೆ ಬಂದದ್ದು ನನಗೆ ಕಾಣಿಸಿತು. ಅವನು ಅಧಿಕಾರಿಗಳನ್ನು ನೋಡಿದ, ಅಳಿಯಂದಿರನ್ನು ನೋಡಿದ, ಎಲ್ಲವನ್ನೂ ನುಂಗಿದ.

"ಒಯ್ಯಿರಿ ಸಾರ್," ಎಂದ ಊದಿದ ಬಾಯಿಯಲ್ಲಿ. "ವಾಪಸು ತರಬೇಕು ಅಂತೇನಿಲ್ಲ." ಆಮೇಲೆ ಅಳಿಯಂದಿರ ಮುಂದೆ ಅಂಗೈ ಚಾಚಿದ.

ಅಳಿಯಂದಿರು ಒಂದು ಕೈಯಲ್ಲಿ ಪ್ರಶಸ್ತಿಪತ್ರ ಹಿಡಿದು ಇನ್ನೊಂದು ಕೈಯಲ್ಲಿ ಬೀಗದ ಕೈ ಬಿಚ್ಚಿಕೊಟ್ಟರು. ಜೀಪಿನವನು ಇಳಿದು ಬಾಗಿಲು ತೆಗೆದು, "ಬನ್ನಿ ಸಾರ್" ಎಂದು ಕೈಮುಗಿದ. ಅವರ ಮುಖ ಒಮ್ಮೆಲೇ ಅರಳಿತು. ಈಗ ಅವರು ದೊಡ್ಡ ದೊಡ್ಡ ಊರುಗಳಲ್ಲಿ ಭಾಷಣ ಮಾಡುತ್ತಾರೆ. ಅವರು ಹೋದ ಕಡೆಯಲ್ಲೆಲ್ಲ ಪೋಲು ಸೊನ್ನೆಗೆ ಇಳಿದು, ಮಾಲೆಲ್ಲ ಹಾಗೆಯೇ ತೀರಿಕೊಳ್ಳುತ್ತಿದೆಯಂತೆ.

ಮಗಳು ಬೀಗದ ಕೈ ತೆಗೆದುಕೊಂಡು ಒಳಗೆ ಹೋಗಿ ಮೊದಲು ಆ ಗೌರವದ ಗುಂಡಿಯನ್ನು ಆಫ್ ಮಾಡಿದಳು. "ಬಾಗಿಲು ಮುಚ್ಚು" ಎಂದಿತು ಯಂತ್ರ. "ಆಯ್ತಪ್ಪ, ಮುಚ್ಚಿದೆ" ಎಂದು ಅವಳು ಮುಚ್ಚಿ, ಮೇನ್ ಸ್ವಿಚ್ ಹಾಕಿದಳು. ಗೋಡೆಯ ಆಚೆ ಕಂಪ್ರೆಸರು ಗುರುಗುಟ್ಟತೊಡಗಿತು. ತಮ್ಮ ಕುರ್ಚಿಯಲ್ಲೇ ನಿದ್ದೆಹೋದ.

ನಾನು ಒಬ್ಬನೇ ಹಿಂದೆ ಗುಂಡಿಯ ಹತ್ತಿರ ಹೋದೆ. ಮಣ್ಣು ಇನ್ನೂ ಹಸಿಯಾಗಿತ್ತು, ಅಲ್ಲಲ್ಲಿ ಕೆಂಪು ಇಣುಕುತ್ತಿತ್ತು. ನನ್ನ ತಮ್ಮನಿಗೆ ಹಾರ ತಂದವರಿದ್ದರು, ಮೌನವಾಗಿ ನಿಂತವರಿದ್ದರು. ಇವರಿಗೆ ಯಾರೂ ಬರಲಿಲ್ಲ. ಚಪ್ಪಲಿ ಬಿಟ್ಟು ಕೈ ಮುಗಿದೆ. ಬಾಯಿಗೆ ಬಹುವಚನವೇ ಬಂತು, ನಾನು ತಡೆಯಲಿಲ್ಲ.

ದೇವರೇ, ಇಲ್ಲಿ ಮಲಗಿರುವವರನ್ನು ನೀನು ಬಲ್ಲೆ. ಯಾರೋ ಬಗ್ಗಿ ನೆಟ್ಟು, ನೀರು ಹೊತ್ತು, ಬೆಳೆಸಿ ಕಳಿಸಿದ ಟೊಮೇಟೊ ಇವರು, ಎಲೆಕೋಸು ಇವರು, ಕ್ಯಾರೆಟ್ ಇವರು. ನೀನು ಇವರನ್ನು ಸೃಷ್ಟಿಸಿದ್ದು ಹಸಿದ ಬಾಯಿಗಾಗಿ. ಬಾಯಿ ಗೇಟಿನ ಹೊರಗೇ ನಿಂತಿತ್ತು, ಇವರು ಒಳಗಿದ್ದರು, ನಡುವೆ ನಾವಿದ್ದೆವು. ಕೊನೆಯವರೆಗೂ ಕರೆದರು, ನಮಗೆ ಕೇಳಿಸಲಿಲ್ಲ. ಇವರು ತೀರಿಕೊಂಡರೆಂದು ಬರೆದವರನ್ನು ಕ್ಷಮಿಸು, ಓದಿದವರನ್ನೂ ಕ್ಷಮಿಸು. ಇವರು ಕೊಳೆತರು, ತಂದೆ. ನಿನ್ನ ಲೆಕ್ಕದಲ್ಲಾದರೂ ಹಾಗೆಯೇ ಇರಲಿ. ಇಂದು ಗಂಜಿ ಕುಡಿದು ಮಲಗಿದವರ ಕನಸಿನಲ್ಲಿ ಇವರಿಗೆ ಒಂದು ತಟ್ಟೆ ಸಿಗಲಿ. ಇವರಿಗೆ ಶಾಂತಿ ಕೊಡು.